ಇಪ್ಪತ್ತೆರಡು ಅಳತೆ ಪುಸ್ತಕಗಳ ದಾವೆ

ಮಾರ್ಚ್ ೩, ಸೋಮವಾರ

ನಡೆದದ್ದನ್ನೆಲ್ಲ ದಿನಾಂಕ ಹಾಕಿ ಬರೆದು ತನ್ನಿ ಎಂದು ವಕೀಲರು ಹೇಳಿದ್ದರು. ಹನ್ನೊಂದು ಪುಟ ಬರೆದುಕೊಂಡು ಹೋದೆ. ಆಕೆ ಪೂರ್ತಿ ಓದಿ, ಇದರಲ್ಲಿ ಕೇಸಿಗೆ ಬೇಕಾದದ್ದು ಒಂದೂವರೆ ಪುಟ, ಉಳಿದದ್ದೆಲ್ಲ ಬೈಗುಳ ಎಂದು ಹಿಂದಕ್ಕೆ ಕೊಟ್ಟರು. ಉಳಿದದ್ದಕ್ಕೂ ಒಂದು ಜಾಗ ಬೇಕಲ್ಲ. ಅದಕ್ಕೇ ಈ ನೋಟ್‌ಬುಕ್ಕು. ಇದನ್ನು ನಾನಲ್ಲದೆ ಯಾರೂ ಓದಕೂಡದು, ಮುಖ್ಯವಾಗಿ ನನ್ನ ಹೆಂಡತಿ.

ಒಂದೂವರೆ ಪುಟದ ಸಾರಾಂಶ ಇಷ್ಟು. ನಾನು ದರ್ಜಿ. ಮೂವತ್ತು ವರ್ಷದ ಅಂಗಡಿ. ಅದರಲ್ಲಿ ಇಪ್ಪತ್ತಾರು ವರ್ಷ ನನ್ನ ಹೆಂಡತಿಯ ತಮ್ಮ ನನ್ನ ಜೊತೆಗಿದ್ದ. ನಾನು ಟೇಪು ಹಿಡಿದು ಅಳತೆ ಕೂಗುವುದು, ಅವನು ಪುಸ್ತಕದಲ್ಲಿ ಬರೆದುಕೊಳ್ಳುವುದು. ನಾನು ಕತ್ತರಿಸುವುದು, ಅವನು ಹೊಲಿಯುವುದು. ಹಾಗೆ ತುಂಬಿದ ಅಳತೆ ಪುಸ್ತಕಗಳು ಇಪ್ಪತ್ತೆರಡು. ಊರಿನ ಅರ್ಧ ಜನರ ಎದೆ, ಭುಜ, ತೋಳು, ಸೊಂಟ ಅವುಗಳಲ್ಲಿವೆ. ಕಳೆದ ನವೆಂಬರಿನಲ್ಲಿ ಒಂದು ಸಣ್ಣ ಮಾತಿಗೆ ಮುಖ ಊದಿಸಿಕೊಂಡು ಇಪ್ಪತ್ತೆರಡನ್ನೂ ಹೊತ್ತುಕೊಂಡು ಹೋದ. ಹೋದವನು ದೂರ ಹೋದನೇ ಎಂದರೆ ಅದೂ ಇಲ್ಲ. ನನ್ನ ಅಂಗಡಿಯ ಎದುರೇ, ರಸ್ತೆಯ ಆಚೆ ಬದಿಯಲ್ಲಿ ಬೋರ್ಡು ಹಾಕಿಕೊಂಡ. ಬಾಗಿಲಿಂದ ಬಾಗಿಲಿಗೆ ಹದಿನೆಂಟು ಹೆಜ್ಜೆ.

ಒಂದೊಂದು ಇಂಚನ್ನೂ ಅಳೆದವನು ನಾನು, ಆದ್ದರಿಂದ ಪುಸ್ತಕ ನನ್ನದು ಎಂಬುದು ನನ್ನ ವಾದ. ಒಂದೊಂದು ಅಕ್ಷರವನ್ನೂ ಬರೆದವನು ನಾನು ಎಂಬುದು ಅವನ ವಾದ. ಅದಕ್ಕೇ ದಾವೆ.

ಇನ್ನು ಮುಂದೆ ಅವನನ್ನು ಹೆಸರಿನಿಂದಾಗಲಿ ಸಂಬಂಧದಿಂದಾಗಲಿ ಕರೆಯಬೇಡಿ, ಪ್ರತಿವಾದಿ ಅನ್ನಿ ಎಂದು ವಕೀಲರ ಸಲಹೆ. ಹಿತವಾದ ಪದ. ಊಟದ ಹೊತ್ತಿಗೆ ಮನೆಯಲ್ಲೂ ಬಳಸಿ ನೋಡಿದೆ. ಹೆಂಡತಿ ಸೌಟು ಕೆಳಗಿಟ್ಟು, "ನಿಮ್ಮ ಪ್ರತಿವಾದಿಗೆ ಮೂಗು ಒರೆಸಿ ಸ್ಕೂಲಿಗೆ ಕಳಿಸಿದವಳು ನಾನು" ಎಂದಳು. ಮುಂದಿನದನ್ನು ನಾನೇ ಬಡಿಸಿಕೊಂಡೆ.

ಮಾರ್ಚ್ ೫, ಬುಧವಾರ

ಕೋರ್ಟು. ಕಾದದ್ದು ಮೂರು ಗಂಟೆ, ನಮ್ಮ ಸರದಿ ಮುಗಿದದ್ದು ಮೂರು ನಿಮಿಷದಲ್ಲಿ. ನ್ಯಾಯಾಧೀಶರು ಕಡತ ತಿರುವಿ, ಇಬ್ಬರೂ ಒಂದೇ ಮನೆಯವರ ಹಾಗೆ ಕಾಣುತ್ತೀರಿ, ವಿಚಾರಣೆಗೇ ಹೋಗಬೇಕೋ ಅಥವಾ ಮಧ್ಯಸ್ಥಿಕೆಗೆ ಒಪ್ಪುತ್ತೀರೋ ಯೋಚಿಸಿ, ಏಪ್ರಿಲ್ ಒಂಬತ್ತಕ್ಕೆ ಬಂದು ಹೇಳಿ ಎಂದರು.

ಹೊರಗೆ ವರಾಂಡದಲ್ಲಿ ವಕೀಲರು ಬಿಡಿಸಿ ಹೇಳಿದರು. ವಿಚಾರಣೆ ಎಂದರೆ ಎಲ್ಲರೆದುರು ಸಾಕ್ಷಿ, ಸವಾಲು, ಕೊನೆಗೆ ಒಂದು ತೀರ್ಪು. ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ, ವರ್ಷಗಳು ಹಿಡಿಯಬಹುದು. ಮಧ್ಯಸ್ಥಿಕೆ ಎಂದರೆ ಬಾಗಿಲು ಹಾಕಿದ ಕೋಣೆ. ಅಲ್ಲಿ ಆಡಿದ ಮಾತು ಹೊರಗೆ ಬರುವುದಿಲ್ಲ. ಮಧ್ಯಸ್ಥರು ಮಾತಾಡಿಸುತ್ತಾರೆ, ಆದರೆ ಯಾರದು ಸರಿ ಎಂದು ಹೇಳುವುದಿಲ್ಲ. ಒಪ್ಪಂದ ಆಗದಿದ್ದರೆ ಮತ್ತೆ ಇಲ್ಲಿಗೇ ಬರುವುದು.

ಯಾರದು ಸರಿ ಎಂದು ಹೇಳದ ಜಾಗದಲ್ಲಿ ನನಗೇನು ಕೆಲಸ? ನನಗೆ ಬೇಕಾದದ್ದೇ ಅದು. ಕಪ್ಪು ಕೋಟು ತೊಟ್ಟ ಒಬ್ಬರು ಎತ್ತರದ ಕುರ್ಚಿಯಲ್ಲಿ ಕೂತು, ನಾಲ್ಕು ಜನರ ಮುಂದೆ, ಈ ದರ್ಜಿ ಹೇಳಿದ್ದು ಸರಿ ಎನ್ನಬೇಕು. (ಆ ಕೋಟಿನ ಎಡ ತೋಳು ಕಾಲಿಂಚು ಉದ್ದ. ಹೇಳಲು ಹೋಗಲಿಲ್ಲ.) ವಿಚಾರಣೆಯೇ ಇರಲಿ ಎಂದುಬಿಟ್ಟೆ. ಅವಸರ ಬೇಡ, ಒಂದು ತಿಂಗಳಿದೆ ಎಂದರು ವಕೀಲರು.

ಪ್ರತಿವಾದಿ ಎದುರು ಬೆಂಚಿನಲ್ಲಿ ಕೂತಿದ್ದ. ತೆಳ್ಳಗಾಗಿದ್ದಾನೆ, ಎದೆಯಲ್ಲಿ ಒಂದಿಂಚಾದರೂ ಇಳಿದಿದೆ. ಅಂಗಿಯ ಎರಡನೇ ಗುಂಡಿ ಸಡಿಲವಾಗಿ ನೇತಾಡುತ್ತಿತ್ತು. ದರ್ಜಿಯಾಗಿ ಹುಟ್ಟಿ ಗುಂಡಿ ಹಾಕಿಕೊಳ್ಳಲಾಗದವನಿಗೆ ಅಂಗಡಿ ಬೇರೆ ಕೇಡು. ಅವನ ಕೊರಳಿಗೆ ಆ ಕಾಲರ್ ಕೂಡ ಈಗ ದೊಡ್ಡದು.

ಮಾರ್ಚ್ ೧೧, ಮಂಗಳವಾರ

ಅಳತೆ ಬರೆದುಕೊಳ್ಳಲು ಜನ ಸಿಕ್ಕಿದರು. ಕೋರ್ಟಿನಲ್ಲೇ ಶೀಘ್ರಲಿಪಿಗಾರರಾಗಿ ನಿವೃತ್ತರಾದವರು, ಅರವತ್ತೆರಡು ವಯಸ್ಸು, ಮನೆಯಲ್ಲಿ ಕೂತು ಬೇಜಾರು ಎಂದು ಬಂದಿದ್ದಾರೆ. ಮುತ್ತಿನಂಥ ಅಕ್ಷರ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು ಮೂವತ್ತೈದು ವರ್ಷದ ಅಭ್ಯಾಸ ಎಂದು ಎದೆಯುಬ್ಬಿಸಿ ಹೇಳಿದರು. ಪ್ರತಿವಾದಿಯ ಕೋಳಿ ಕೆದಕಿದ ಅಕ್ಷರಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ.

ಒಂದೇ ಯೋಚನೆ. ನಮ್ಮ ಅಂಗಡಿಯ ರೂಢಿಯನ್ನು ಅವರಿಗೆ ಹೇಳುವುದೋ ಬೇಡವೋ?

ಆ ರೂಢಿ ಶುರುವಾದದ್ದು ನಮ್ಮ ಮೊದಲ ವರ್ಷ. ಮೈ ತುಂಬಿದ ಗಿರಾಕಿಯೊಬ್ಬರ ಸೊಂಟ ಅಳೆದು ನಲವತ್ತೆರಡು ಎಂದು ಗಟ್ಟಿಯಾಗಿ ಕೂಗಿದ್ದೆ. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆ ಮನುಷ್ಯ ಮುಖ ಸಣ್ಣದು ಮಾಡಿಕೊಂಡು ಹೋದವರು ಬಟ್ಟೆ ಒಯ್ಯಲು ಹೆಂಡತಿಯನ್ನು ಕಳಿಸಿದರು. ಮಾರನೇ ದಿನ ಅಂಥದೇ ಇನ್ನೊಬ್ಬರು ಬಂದಾಗ ನನ್ನ ಬಾಯಿಂದ ತಾನಾಗಿಯೇ ನಲವತ್ತು ಎಂದು ಬಂತು. ಆಮೇಲೆ ಪುಸ್ತಕ ನೋಡಿದರೆ ನಲವತ್ತೆರಡು ಎಂದೇ ಬರೆದಿತ್ತು. ನಾನು ಹೇಳಿಕೊಟ್ಟಿರಲಿಲ್ಲ. ಅವನೂ ಕೇಳಲಿಲ್ಲ. ಅವತ್ತಿನಿಂದ ಸೊಂಟ ಮಾತ್ರ ಎರಡಿಂಚು ಕಮ್ಮಿ ಕೂಗುವುದು, ಬರೆಯುವಾಗ ಎರಡಿಂಚು ಸೇರಿಸಿಕೊಳ್ಳುವುದು. ಬಟ್ಟೆ ಸರಿಯಾಗಿ ಕೂರುತ್ತದೆ, ಗಿರಾಕಿ ನಗುತ್ತ ಹೋಗುತ್ತಾರೆ. ಇಪ್ಪತ್ತಾರು ವರ್ಷ ಒಂದು ನರಪಿಳ್ಳೆಗೂ ಗೊತ್ತಾಗಿಲ್ಲ.

ಹೇಳುವುದು ಬೇಡ. ನಾನೇ ನಿಜ ಕೂಗಿದರಾಯಿತು.

ಮಾರ್ಚ್ ೧೪, ಶುಕ್ರವಾರ

ಎದುರಂಗಡಿಗೆ ಇವತ್ತು ಬಂದವರು ನಾಲ್ಕು ಜನ. ಒಬ್ಬರು ದಾರಿ ಕೇಳಲು. ಇಸ್ತ್ರಿಪೆಟ್ಟಿಗೆಯ ತಂತಿ ಬಾಗಿಲಿಗೆ ಅಡ್ಡವಾಗಿ ಎಳೆದಿದ್ದಾನೆ, ಯಾರಾದರೂ ಎಡವಿ ಬೀಳುತ್ತಾರೆ. ಇದನ್ನೆಲ್ಲ ನಾನು ಗಮನಿಸುವುದು ಸಾಕ್ಷ್ಯಕ್ಕೆ ಬೇಕಾಗಬಹುದು ಎಂದು.

ಇವತ್ತು ವಕೀಲರು ಫೋನು ಮಾಡಿ, ನವೆಂಬರಿನ ಜಗಳ ನಿಜವಾಗಿ ಯಾಕಾಯಿತು ಎಂದು ಕೇಳಿದರು. ಹೇಳಿದೆ. ಇಲ್ಲೂ ಬರೆದಿಡುತ್ತೇನೆ.

ಹಲ್ಲಿನ ಡಾಕ್ಟರಿಗೆ ಒಂದು ಪ್ರಶಸ್ತಿ ಬಂದಿತ್ತು. ಸಮಾರಂಭಕ್ಕೆ ಸೂಟು ಹೊಲಿಸಿದರು. ವೇದಿಕೆ ಹತ್ತಿ ಎರಡೂ ಕೈಯಲ್ಲಿ ಫಲಕ ಹಿಡಿದಾಗ ಪ್ಯಾಂಟು ಇಳಿಯಲು ಶುರುವಾಯಿತಂತೆ. ಫಲಕ ಬಿಡುವ ಹಾಗಿಲ್ಲ, ಪ್ಯಾಂಟು ಹಿಡಿಯುವ ಹಾಗಿಲ್ಲ. ಎರಡು ಮೊಣಕೈಗಳಲ್ಲಿ ಸೊಂಟ ಒತ್ತಿಕೊಂಡು ಬಾತುಕೋಳಿಯ ಹಾಗೆ ನಡೆದು ಕೆಳಗಿಳಿದರಂತೆ. ಮಾರನೇ ದಿನ ಅಂಗಡಿಗೆ ಬಂದು ಪ್ಯಾಂಟನ್ನು ಕೌಂಟರ್ ಮೇಲೆ ಒಗೆದರು. ನಾನು ಮೂವತ್ತಾರು ಎಂದು ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ, ಡಾಕ್ಟರಿಗೂ ನೆನಪಿತ್ತು. ಪುಸ್ತಕ ತೆಗೆದು ನೋಡಿದರೆ ಮೂವತ್ತೆಂಟು. ಬರೆದದ್ದು ಯಾರು? "ಮೂರು ಆರು ಬರೆಯೋಕೂ ಬರಲ್ವಾ ನಿಂಗೆ?" ಎಂದು ಕೇಳಿದೆ. ಅಷ್ಟೇ. ಐದು ಜನ ಗಿರಾಕಿಗಳು ನಿಂತಿದ್ದರು ಎನ್ನುವುದೂ ನಿಜ. ಅವನು ಉತ್ತರ ಕೊಡಲಿಲ್ಲ. ಸಂಜೆ ಪುಸ್ತಕಗಳನ್ನು ಕಟ್ಟಿಕೊಂಡ.

ಇದರಲ್ಲಿ ನನ್ನ ತಪ್ಪೇನಿದೆ ಎಂದು ಯಾರಾದರೂ ತೋರಿಸಲಿ.

ಮಾರ್ಚ್ ೨೦, ಗುರುವಾರ

ಬೇಕರಿಯವರ ಪ್ಯಾಂಟು. ಪರದೆಯ ಹಿಂದೆ ಹೋದವರು ಕಾಲು ಗಂಟೆಯಾದರೂ ಹೊರಗೆ ಬರಲಿಲ್ಲ. ಏದುಸಿರು ಮಾತ್ರ ಕೇಳುತ್ತಿತ್ತು. ಬಂದಾಗ ಮುಖ ಕೆಂಪಾಗಿತ್ತು, ಗುಂಡಿಗೂ ಕಾಜಕ್ಕೂ ನಡುವೆ ಎರಡಿಂಚು ಬಯಲು.

ನಿಜ ಕೂಗುತ್ತೇನೆ ಎಂದುಕೊಂಡಿದ್ದೆ. ಅವರ ಹೊಟ್ಟೆ ಕಂಡ ಕೂಡಲೇ ಬಾಯಿ ಹಳೇ ದಾರಿ ಹಿಡಿದಿತ್ತು. ನಲವತ್ತು ಎಂದೆ. ಶೀಘ್ರಲಿಪಿಯವರು ನಲವತ್ತು ಎಂದೇ ಬರೆದರು, ಮುತ್ತಿನಂಥ ಅಕ್ಷರದಲ್ಲಿ.

ವಿಧಿಯಿಲ್ಲದೆ ಅವರಿಗೆ ಗುಟ್ಟು ಹೇಳಿದೆ. ಅವರು ಬೆಚ್ಚಿಬಿದ್ದು, ಇದು ಸುಳ್ಳು ದಾಖಲೆಯಾಗುತ್ತದೆ ಎಂದರು. ದಾಖಲೆ ನಿಜವೇ ಸ್ವಾಮಿ, ಕೂಗಿದ್ದು ಮಾತ್ರ ಸುಳ್ಳು ಎಂದು ಸಮಾಧಾನ ಹೇಳಿದೆ. ತುಂಬ ಹೊತ್ತು ಯೋಚಿಸಿ ಒಪ್ಪಿದರು.

ಮಾರ್ಚ್ ೨೬, ಬುಧವಾರ

ಒಪ್ಪಿದವರು ಎಲ್ಲದಕ್ಕೂ ಎರಡಿಂಚು ಸೇರಿಸಿದ್ದಾರೆ. ಗ್ರಂಥಪಾಲಕರ ಅಂಗಿಯ ತೋಳು ಬೆರಳ ತುದಿ ದಾಟಿ ಇಳಿದಿದೆ. ಕಾಲರಿನೊಳಗೆ ಇನ್ನೊಂದು ಕೊರಳು ಹಿಡಿಸುತ್ತದೆ. ಪಾಪ, ಸಾಧು ಮನುಷ್ಯ. ಕೈ ಕಾಣದೆ ಕನ್ನಡಿಯ ಮುಂದೆ ನಿಂತು, ಒಗೆದರೆ ಸರಿಹೋಗಬಹುದೇ ಎಂದು ಕೇಳಿದರು.

ನಕ್ಕುಬಿಟ್ಟೆ. ನಗಬಾರದಿತ್ತು. ನಗುತ್ತ ಎದುರಂಗಡಿಯ ಕಡೆ ತಿರುಗಿದೆ, ಹೇಳೋಣ ಎಂದು. ಅವನು ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ, ನೋಡಲಿಲ್ಲ. ಪ್ರತಿವಾದಿಯ ಜೊತೆ ನೇರವಾಗಿ ಮಾತಾಡಬಾರದು ಎಂದು ವಕೀಲರು ಮೊದಲೇ ಹೇಳಿದ್ದಾರೆ. ಒಳಗೆ ಬಂದೆ.

ಮಾರ್ಚ್ ೨೭, ಗುರುವಾರ

ವಕೀಲರ ಕಚೇರಿ. ವಿಚಾರಣೆಯಾದರೆ ಹೇಗೆ ನಡೆಯುತ್ತದೆ ಎಂದು ಮೇಜಿನ ಮೇಲೆ ತೋರಿಸಿದರು. ಇಪ್ಪತ್ತೆರಡು ಪುಸ್ತಕಗಳೂ ಕೋರ್ಟಿಗೆ ಬರುತ್ತವೆ. ಒಂದೊಂದಕ್ಕೂ ಗುರುತಿನ ಸಂಖ್ಯೆ ಬೀಳುತ್ತದೆ. ಪುಟ ತೆರೆದು ಓದಿಸುತ್ತಾರೆ, ಇದು ಯಾರ ಅಳತೆ, ಇಲ್ಲಿ ಬರೆದ ಷರಾ ಏನು ಎಂದು ಕೇಳುತ್ತಾರೆ. ಆ ಪುಸ್ತಕಗಳಲ್ಲಿ ಸೊಂಟ ಒಂದೇ ಅಲ್ಲ. ಸಂಗೀತದ ಮೇಷ್ಟ್ರ ಒಂದು ಕಾಲು ಮುಕ್ಕಾಲು ಇಂಚು ಗಿಡ್ಡ, ಅದು ಅವರ ಹೆಂಡತಿಗೂ ಗೊತ್ತಿಲ್ಲ. ನರ್ಸಮ್ಮನವರಿಗೆ ಆಪರೇಷನ್ ಆದ ಮೇಲೆ ಎಡಗಡೆ ಒಳಗೆ ಮೆತ್ತೆ ಇಟ್ಟು ಹೊಲಿಯುತ್ತೇವೆ. ನಮ್ಮ ಕೈಗೆ ಮೈ ಕೊಟ್ಟು ನಿಂತವರು ಅವರೆಲ್ಲ.

ಮಧ್ಯಸ್ಥಿಕೆಯಲ್ಲಿ ಪುಸ್ತಕ ತೆರೆಯಬೇಕಾಗಿಲ್ಲವಂತೆ.

ಆಮೇಲೆ ಪ್ರತಿವಾದಿಯ ಹೇಳಿಕೆಯನ್ನು ಕೊಟ್ಟರು. ಮೂರೇ ಪುಟ. ಇಪ್ಪತ್ತಾರು ವರ್ಷ ನಾನು ಬರೆದೆ, ಪುಸ್ತಕ ನನ್ನದು, ಇಷ್ಟೇ. ಬೈಗುಳ ಒಂದೂ ಇಲ್ಲ. ನವೆಂಬರಿನ ಪ್ಯಾಂಟಿನ ಸುದ್ದಿ ಎತ್ತಿಯೇ ಇಲ್ಲ. ವಕೀಲರಿಗೆ ಆಶ್ಚರ್ಯ. ಅಷ್ಟು ಜನರೆದುರು ಅವಮಾನ ಆಯಿತು ಎನ್ನುವವನು ಅದಕ್ಕೊಂದು ಸಮಜಾಯಿಷಿ ಬರೆಸದೆ ಬಿಡುತ್ತಾನೆಯೇ, ಏನನ್ನೋ ಮುಚ್ಚಿಡುತ್ತಿದ್ದಾನೆ, ಅದು ನಮಗೆ ಅನುಕೂಲ ಎಂದರು.

ಏನು ಮುಚ್ಚಿಡುತ್ತಾನೆ? ಅವನ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ.

ಮಾರ್ಚ್ ೨೯, ಶನಿವಾರ

ಏನೂ ಬರೆಯುವುದಿಲ್ಲ.

ಮಾರ್ಚ್ ೩೦, ಭಾನುವಾರ

ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಟಪಾಲಿನವರ ಅಳತೆ ತೆಗೆಯುತ್ತಿದ್ದೆ. ಮನುಷ್ಯ ನಡೆದು ನಡೆದು ಕಡ್ಡಿಯ ಹಾಗಿದ್ದಾರೆ. ಮೂವತ್ತು ಎಂದೆ. ಶೀಘ್ರಲಿಪಿಯವರು ಪೆನ್ನು ಎತ್ತಿ ಹಿಡಿದು, ನನ್ನ ಹತ್ತಿರ ಬಂದು, ಕಿವಿಯಲ್ಲಿ ಕೇಳಿದರು: "ಈಗ ಹೇಳಿದ್ದು ನಿಜಾನೋ ಸುಳ್ಳೋ? ನಂಗೆ ಹೇಗೆ ಗೊತ್ತಾಗ್ಬೇಕು?"

ನಾನು ಟೇಪು ಹಿಡಿದುಕೊಂಡು ನಿಂತೇ ಇದ್ದೆ. ಟಪಾಲಿನವರು, ಹುಷಾರಿಲ್ಲವೇ ಎಂದು ಕೇಳಿದರು.

ಅಕ್ಟೋಬರಿನಲ್ಲಿ ಹಲ್ಲಿನ ಡಾಕ್ಟರು ಅಳತೆಗೆ ಬಂದಾಗ ಆರು ತಿಂಗಳು ಪಥ್ಯ ಮಾಡಿದ್ದರು. ಟೇಪು ಸುತ್ತುತ್ತಿದ್ದಂತೆ, ಎಷ್ಟಾಯ್ತು, ಎಷ್ಟಾಯ್ತು ಎಂದು ಪರೀಕ್ಷೆ ಬರೆದ ಮಕ್ಕಳ ಹಾಗೆ ಕೇಳುತ್ತಿದ್ದರು. ಟೇಪು ನೋಡಿದೆ, ಮೂವತ್ತಾರು. ನನಗೂ ಖುಷಿಯಾಯಿತು. ಇನ್ನು ಈ ಮನುಷ್ಯನಿಗೆ ಸುಳ್ಳು ಹೇಳಬೇಕಾಗಿಲ್ಲ ಎನ್ನಿಸಿ, ಇದ್ದದ್ದನ್ನು ಇದ್ದ ಹಾಗೆ ಮೂವತ್ತಾರು ಎಂದು ಕೂಗಿದೆ.

ಅವನು ತಲೆ ತಗ್ಗಿಸಿಕೊಂಡು ಪುಸ್ತಕದಲ್ಲಿ ಮುಳುಗಿದ್ದ. ಭಾವ ಮೂವತ್ತಾರು ಎಂದರೆ ಮೂವತ್ತೆಂಟು. ಇಪ್ಪತ್ತಾರು ವರ್ಷ ನನ್ನ ಸುಳ್ಳಿನ ಮೇಲೆ ಅಷ್ಟು ಭರವಸೆ ಇಟ್ಟವನು, ಆ ಒಂದು ದಿನ ನಾನು ನಿಜ ಹೇಳಿಬಿಡುತ್ತೇನೆ ಎಂದು ಹೇಗೆ ತಿಳಿಯಬೇಕು? ತಪ್ಪಿದವನು ನಾನು.

ಅವನ ಹೇಳಿಕೆಯಲ್ಲಿ ಪ್ಯಾಂಟಿನ ಸುದ್ದಿ ಯಾಕಿಲ್ಲ ಎಂದು ಈಗ ಗೊತ್ತಾಗುತ್ತಿದೆ. ತನ್ನದು ತಪ್ಪಲ್ಲ ಎಂದು ತೋರಿಸಲು ಅವನಿಗೆ ಒಂದೇ ಸಾಲು ಸಾಕಿತ್ತು. ಆ ಸಾಲು ಬರೆದರೆ ಇಡೀ ಊರಿಗೇ ನಮ್ಮ ರೂಢಿ ತಿಳಿಯುತ್ತದೆ. ಅದಕ್ಕೇ ಬರೆಸಿಲ್ಲ.

ಬೆಳಿಗ್ಗೆ ಹೆಂಡತಿಗೆ ಹೇಳಿದೆ. ಅವಳಿಗೂ ಅವನು ಏನೂ ಹೇಳಿರಲಿಲ್ಲವಂತೆ. ಆಮೇಲೆ ಬಾತುಕೋಳಿ ನಡಿಗೆ ನೆನಪಾಗಿ ನಗಲು ಶುರು ಮಾಡಿದಳು, ಕುರ್ಚಿ ಹಿಡಿದು ಕೂತು ಕಣ್ಣೊರೆಸಿಕೊಳ್ಳುವ ತನಕ ನಕ್ಕಳು. ನಗು ನಿಂತ ಮೇಲೆ, "ವಿಚಾರಣೆಗೆ ಹೋದ್ರೆ ಗೆಲ್ತೀರಾ?" ಎಂದು ಕೇಳಿದಳು.

ಗೆಲ್ಲುತ್ತೇನೆ. ಅವನು ಬಾಯಿ ಬಿಡುವುದಿಲ್ಲ, ನಾನು ಗೆಲ್ಲುತ್ತೇನೆ. ಅದೇ ತೊಂದರೆ.

ಏಪ್ರಿಲ್ ೯, ಬುಧವಾರ

ಮಧ್ಯಸ್ಥಿಕೆಗೆ ಒಪ್ಪಿಗೆ ಬರೆದು ಸಹಿ ಹಾಕಿದೆ. ವಕೀಲರು ಹುಬ್ಬೇರಿಸಿ, ತೀರ್ಪು ಬೇಕು ಎನ್ನುತ್ತಿದ್ದಿರಲ್ಲ ಎಂದರು. ಕೋರ್ಟಿನ ಬೆಂಚು ಬಹಳ ಗಟ್ಟಿ, ನನ್ನ ಸೊಂಟಕ್ಕೆ ಆಗುವುದಿಲ್ಲ ಎಂದೆ. ಅದು ಸುಳ್ಳೂ ಅಲ್ಲ.

ಭಾವಮೈದನೂ ಸಹಿ ಹಾಕಿದ. ಅವನ ಪೆನ್ನು ಬರೆಯಲಿಲ್ಲ, ನನ್ನದನ್ನು ಕೊಟ್ಟೆ. ತೆಗೆದುಕೊಂಡ, ಹಾಕಿದ, ಹಿಂದಕ್ಕೆ ಕೊಟ್ಟ. ಅಂಗಿಯ ಗುಂಡಿ ಇನ್ನೂ ಹಾಗೇ ನೇತಾಡುತ್ತಿದೆ.

ಏಪ್ರಿಲ್ ೧೫, ಮಂಗಳವಾರ

ಮಧ್ಯಸ್ಥಿಕೆಯ ಕೋಣೆಯಲ್ಲಿ ಎತ್ತರದ ಕುರ್ಚಿ ಇಲ್ಲ. ದುಂಡು ಮೇಜು, ನಾಲ್ಕು ಒಂದೇ ಥರದ ಕುರ್ಚಿ, ನೀರಿನ ಜಗ್ಗು. ಮಧ್ಯಸ್ಥರು ಐವತ್ತು ದಾಟಿದ ಹೆಂಗಸು, ಬಲ ಭುಜ ಅರ್ಧ ಇಂಚು ಕೆಳಗೆ, ಬಹಳ ವರ್ಷ ಭಾರದ ಚೀಲ ಹೊತ್ತವರಿರಬೇಕು. ವಕೀಲರಿಬ್ಬರನ್ನೂ ಹೊರಗಿನ ಬೆಂಚಿಗೆ ಕಳಿಸಿ, ಇಲ್ಲಿ ಆಡಿದ ಮಾತು ಈ ಬಾಗಿಲು ದಾಟುವುದಿಲ್ಲ ಎಂದು ಮೊದಲೇ ಹೇಳಿದರು.

ಮೊದಲು ನನ್ನೊಬ್ಬನನ್ನೇ ಕೂರಿಸಿಕೊಂಡು, ನಿಮಗೆ ಏನು ಬೇಕು ಎಂದು ಕೇಳಿದರು. ಪುಸ್ತಕ ಎಂದೆ. ಇನ್ನೇನು ಎಂದರು. ಇನ್ನೇನೂ ಇಲ್ಲ ಎಂದೆ. ಅವರು ಸುಮ್ಮನೆ ಕೂತರು. ಹಾಗೆ ಸುಮ್ಮನೆ ಕೂರುವವರ ಎದುರು ನನಗೆ ಬಹಳ ಕಷ್ಟ. ನೀರು ಕುಡಿದೆ. ಇನ್ನೊಂದು ಲೋಟವನ್ನೂ ಕುಡಿದೆ. ಕೊನೆಗೆ, ಅವನನ್ನು ಕರೆಯಿರಿ, ಒಂದು ಮಾತು ಹೇಳುವುದಿದೆ ಎಂದೆ.

ಅವನು ಬಂದು ಎದುರಿಗೆ ಕೂತ. ಮುಖ ನೋಡಿದರೆ ಮಾತು ಹೊರಡುವುದಿಲ್ಲ ಎಂದು ಆ ಗುಂಡಿಯನ್ನೇ ನೋಡುತ್ತ ಹೇಳಿದೆ.

"ಅವತ್ತು ನಾನು ನಿಜ ಕೂಗ್ಬಿಟ್ಟೆ ಕಣೋ."

"ಗೊತ್ತು ಭಾವ."

"ಯಾವಾಗ ಗೊತ್ತಾಯ್ತು?"

"ಡಾಕ್ಟರು ಪ್ಯಾಂಟ್ ತಂದು ಕೌಂಟರ್ ಮೇಲೆ ಹಾಕಿದಾಗ್ಲೇ."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಐದು ಜನ ನಿಂತಿದ್ರಲ್ಲ. ಹೇಳಿದ್ರೆ ಐದು ಜನಾನೂ ಬಗ್ಗಿ ತಮ್ಮ ತಮ್ಮ ಸೊಂಟ ನೋಡ್ಕೋತಿದ್ರು."

ಮಧ್ಯಸ್ಥರು ಇದೇನೆಂದು ಕೇಳಿದರು. ಇಬ್ಬರೂ ಸೇರಿ ರೂಢಿಯನ್ನು ವಿವರಿಸಿದೆವು, ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ. ಅವರು ಕಡತವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಭುಜ ಅಲುಗುತ್ತಿತ್ತು, ಎರಡೂ.

ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು. ಐದು ಜನರ ಮುಂದೆ ನಾನು ಅವನ ಮಾನ ಕಳೆದೆ, ಅದೇ ಐದು ಜನರ ಮುಂದೆ ಅವನು ನನ್ನದನ್ನು ಉಳಿಸಿಕೊಂಡು ನಿಂತಿದ್ದ. ಕ್ಷಮಿಸು ಎಂದೆ. ಆ ಮಾತು ನನ್ನ ಬಾಯಿಗೆ ಹೊಸದು, ಸರಿಯಾಗಿ ಕೂರಲಿಲ್ಲ. ಇನ್ನೊಮ್ಮೆ ಹೇಳಿದೆ.

ಪುಸ್ತಕ ಬೇಕಾದರೆ ಇವತ್ತೇ ಕೊಡುತ್ತೇನೆ, ಜಗಳ ಪುಸ್ತಕದ್ದಲ್ಲ ಎಂದ ಅವನು. ಅವನದು ಒಂದೇ ಕೋರಿಕೆ. ಹಲ್ಲಿನ ಡಾಕ್ಟರಿಗೆ ನಾನೇ ಹೋಗಿ ನಡೆದದ್ದನ್ನು ಹೇಳಬೇಕು. "ರಸ್ತೇಲಿ ಕಂಡಾಗೆಲ್ಲ, ಏನಪ್ಪಾ ಮೂವತ್ತೆಂಟು ಅಂತಾರೆ. ಮೊನ್ನೆ ಹಾಲಿನವನೂ ಹಂಗೇ ಕರೆದ. ನನ್ನ ಅಂಗಡೀಗೆ ಬಂದೋರು ಪುಸ್ತಕ ಬಗ್ಗಿ ನೋಡ್ತಾರೆ ಭಾವ, ನಾನು ಏನು ಬರೀತೀನಿ ಅಂತ."

ಇದು ನನಗೆ ಗೊತ್ತಿರಲಿಲ್ಲ. ಹದಿನೆಂಟು ಹೆಜ್ಜೆ ದೂರದಿಂದ ದಿನವೂ ನೋಡಿದವನಿಗೆ ಇದು ಕಂಡಿರಲಿಲ್ಲ.

ಡಾಕ್ಟರಿಗೆ ಹೇಳಿದರೆ ರೂಢಿ ರಟ್ಟಾಗುತ್ತದೆ. ಮೂವತ್ತು ವರ್ಷದ ಅಂಗಡಿ. ಎರಡು ದಿನ ಕೊಡಿ ಎಂದು ಕೇಳಿ ಎದ್ದು ಬಂದೆ.

ಏಪ್ರಿಲ್ ೧೬, ಬುಧವಾರ

ಬೆಳಗ್ಗೆಯೆಲ್ಲ ಲೆಕ್ಕ ಹಾಕಿದೆ. ಡಾಕ್ಟರು ಹೆಂಡತಿಗೆ ಹೇಳುತ್ತಾರೆ, ಹೆಂಡತಿ ಹೊಲಿಗೆ ಕ್ಲಾಸಿನಲ್ಲಿ ಹೇಳುತ್ತಾರೆ, ಶನಿವಾರದೊಳಗೆ ಬೇಕರಿಯವರಿಗೆ ಮುಟ್ಟುತ್ತದೆ. ಎಷ್ಟು ಜನ ತಮ್ಮ ಸೊಂಟಕ್ಕಾಗಿ ನನ್ನ ಮೇಲೆ ಹರಿಹಾಯುತ್ತಾರೋ. ಕತ್ತರಿ ಹಿಡಿದರೆ ಗೆರೆ ನೇರ ಬರಲಿಲ್ಲ. ಒಳ್ಳೇ ಉಣ್ಣೆ ಬಟ್ಟೆ ಒಂದು ಗೇಣು ದಂಡವಾಯಿತು.

ಊಟಕ್ಕೆ ಹೋದಾಗ ಹೆಂಡತಿಗೆ ಇದನ್ನೇ ಹೇಳಿದೆ. "ಇಷ್ಟು ವರ್ಷ ಊರೋರ ಮರ್ಯಾದೆಯೆಲ್ಲ ಕಾಪಾಡಿದ್ರಿ," ಎಂದಳು. "ಒಬ್ಬಂದು ಬಾಕಿ ಇದೆ." ಹೇಳಿ ಪಾತ್ರೆ ತೊಳೆಯಲು ಹೋದಳು.

ನಾಳೆ ಹೋಗುತ್ತೇನೆ.

ಏಪ್ರಿಲ್ ೧೭, ಗುರುವಾರ

ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲು ನೋವಿಲ್ಲದವರನ್ನು ಒಳಗೆ ಬಿಡುವುದಿಲ್ಲ. ನೋವಿದೆ ಎಂದು ಚೀಟಿ ಬರೆಸಿದೆ. ಭಾವಮೈದನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ, ಅವನು ಗೋಡೆಗೆ ಒರಗಿ ನಿಂತ. ನನ್ನನ್ನು ಆ ಉದ್ದ ಕುರ್ಚಿಯಲ್ಲಿ ಮಲಗಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಮುಖದ ಮೇಲೆ ದೀಪ ಹಾಕಿದರು. ವಿಚಾರಣೆಗೆ ಹೋಗಿದ್ದರೂ ಇಷ್ಟು ಬೆಳಕು ಬೀಳುತ್ತಿರಲಿಲ್ಲ.

ಡಾಕ್ಟರು ಕನ್ನಡಿಕಡ್ಡಿ ಎತ್ತುವ ಮೊದಲೇ ಎಲ್ಲ ಹೇಳಿಬಿಟ್ಟೆ. ರೂಢಿ ಹೇಳಿದೆ. ಅವತ್ತು ನಾನು ನಿಜ ಕೂಗಿದ್ದು, ಇವನು ಎಂದಿನಂತೆ ಎರಡು ಸೇರಿಸಿದ್ದು ಹೇಳಿದೆ. ನಿಮ್ಮ ಪ್ಯಾಂಟು ಜಾರಿದ್ದು ನನ್ನಿಂದ, ಇವನಿಂದ ಅಲ್ಲ, ಇವನು ಬರೆದದ್ದರಲ್ಲಿ ಇಪ್ಪತ್ತಾರು ವರ್ಷದಲ್ಲಿ ಒಂದು ತಪ್ಪಿಲ್ಲ ಎಂದೆ. ಇನ್ನು ನನ್ನನ್ನು ಏನು ಮಾಡುತ್ತಾರೋ ಮಾಡಲಿ ಎಂದು ಕಣ್ಣು ಮುಚ್ಚಿಕೊಂಡೆ.

ಡಾಕ್ಟರು ಕನ್ನಡಿಕಡ್ಡಿಯನ್ನು ತಟ್ಟೆಯಲ್ಲೇ ಬಿಟ್ಟರು. ಆಮೇಲೆ ತಣ್ಣಗೆ ಕೇಳಿದರು: "ಪಥ್ಯಕ್ಕೆ ಮುಂಚೆ ನೀವು ನಂಗೆ ಹೇಳ್ತಿದ್ದಿದ್ದು ಮೂವತ್ತೆಂಟು. ಅಂದ್ರೆ ಅದು?"

"ನಲವತ್ತು," ಎಂದ ಭಾವಮೈದ ಗೋಡೆಯ ಹತ್ತಿರದಿಂದ. ಪುಸ್ತಕ ನೋಡದೆ ಹೇಳಿದ.

"ಹಾಗಾದ್ರೆ ನಾನು ಇಳಿಸಿದ್ದು ಎರಡಿಂಚಲ್ಲ, ನಾಲ್ಕು."

ಮುಖವೆಲ್ಲ ಹಲ್ಲಾಯಿತು. ನರ್ಸನ್ನು ಕರೆದು ನಾಲ್ಕು ಎಂದರು. ಹೊರಗೆ ಕೆನ್ನೆ ಹಿಡಿದು ಕೂತವರಿಗೂ ಬಾಗಿಲು ತೆರೆದು ನಾಲ್ಕು ಎಂದರು. ಹೇಗೆ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ ಎಂದು ನನಗೆ ಮಾತು ಕೊಟ್ಟರು. ಹೇಳಿದರೆ ಉಳಿದವರೂ ತಾವು ಇಳಿಸಿದ್ದಕ್ಕೆ ಎರಡಿಂಚು ಸೇರಿಸಿಕೊಂಡಾರು, ತನ್ನ ನಾಲ್ಕಿಂಚು ಸಾಮಾನ್ಯವಾಗಿ ಕಂಡೀತು ಎಂಬ ಚಿಂತೆ ಅವರಿಗೆ. ಭಾವಮೈದನ ಕೈ ಹಿಡಿದು ಕುಲುಕಿ, ಹೆಸರು ಹಿಡಿದು ಕರೆದು, ತಪ್ಪಾಯಿತು ಎಂದರು. ಎರಡು ಸೂಟಿಗೆ ಹೇಳಿದರು, ಅವನ ಅಂಗಡಿಯಲ್ಲಿ.

ಹೊರಡುವಾಗ, ಮಲಗಿದ್ದೀರಲ್ಲ, ನೋಡಿಯೇಬಿಡೋಣ ಎಂದು ನನ್ನ ಒಂದು ದವಡೆ ಹಲ್ಲನ್ನು ಕಿತ್ತರು. ಅದು ನಿಜವಾಗಿಯೂ ಹಾಳಾಗಿತ್ತಂತೆ.

ಏಪ್ರಿಲ್ ೨೨, ಮಂಗಳವಾರ

ದುಂಡು ಮೇಜಿನ ಮೇಲೆ ಒಪ್ಪಂದಕ್ಕೆ ಸಹಿಯಾಯಿತು. ಪುಸ್ತಕಗಳು ಇಬ್ಬರಿಗೂ ಸೇರಿದವು, ಬೇರೆ ಯಾರೂ ತೆರೆಯುವಂತಿಲ್ಲ. ಅಂಗಡಿ ಎರಡೂ ಇರುತ್ತವೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು ನನ್ನ ಅಂಗಡಿಯಲ್ಲಿ ಅಳತೆ, ಅವನು ಪುಸ್ತಕ ಹಿಡಿದು ಬರುತ್ತಾನೆ. ಆಮೇಲೆ ಹೊಲಿಗೆ ಅವನ ಕಡೆ. ಅವನು ವಾಪಸ್ ಬಂದುಬಿಡುತ್ತಾನೆ ಎಂದುಕೊಂಡಿದ್ದೆ. ಸ್ವಂತ ಬೋರ್ಡಿನ ರುಚಿ ಹತ್ತಿದೆ ಭಾವ ಎಂದ. ಇರಲಿ, ಅವನಿಗೂ ನಲವತ್ತೆಂಟಾಯಿತು. ಶೀಘ್ರಲಿಪಿಯವರಿಗೆ ಬಟ್ಟೆ ಕೊಡುವ ದಿನಾಂಕದ ಚೀಟಿ ಬರೆಯುವ ಕೆಲಸ. ಅದರಲ್ಲಿ ಸುಳ್ಳು ಸೇರುವುದಿಲ್ಲವೇ ಎಂದು ಕೇಳಿದರು. ದರ್ಜಿಯ ಅಂಗಡಿಯಲ್ಲಿ ಅದರ ಭರವಸೆಯನ್ನು ಯಾರು ಕೊಟ್ಟಾರು?

ಏಪ್ರಿಲ್ ೨೪, ಗುರುವಾರ

ನಮ್ಮವನು ಇವತ್ತು ಎರಡು ಸಲ ರಸ್ತೆ ದಾಟಿ ಪುಸ್ತಕಗಳನ್ನೆಲ್ಲ ತಂದಿಟ್ಟ. ಅವನು ಹಳೇ ಕಪಾಟು ಒರೆಸುತ್ತಿದ್ದಾಗ ಕೊನೆಯ ಪುಸ್ತಕವನ್ನು ಸುಮ್ಮನೆ ತಿರುವಿದೆ. ಒಂದು ಪುಟದ ತಲೆಯಲ್ಲಿ 'ಭಾವ' ಎಂದಿತ್ತು.

ನನ್ನ ಬಟ್ಟೆಗೆ ನಾನು ಅಳತೆ ತೆಗೆದುಕೊಳ್ಳುವುದಿಲ್ಲ, ಬಗ್ಗಿದರೆ ಅಳತೆ ಕೆಡುತ್ತದೆ. ಅಳೆಯುವುದು, ಕತ್ತರಿಸುವುದು, ಹೊಲಿಯುವುದು ಎಲ್ಲ ಅವನೇ. ಹದಿನೈದು ವರ್ಷದಿಂದ ನನ್ನ ಸೊಂಟ ಮೂವತ್ತಾರಿನಲ್ಲಿ ನಿಂತಿದೆ ಎಂದು ನನಗೊಂದು ಸಣ್ಣ ಜಂಬವೂ ಉಂಟು. ಪುಟದಲ್ಲಿ ಹಳೇ ಪುಸ್ತಕಗಳಿಂದ ಇಳಿಸಿಕೊಂಡ ವರ್ಷ ವರ್ಷದ ಅಂಕಿ ಸಾಲಾಗಿ ಬರೆದಿತ್ತು: ಮೂವತ್ತಾರು, ಮೂವತ್ತಾರೂವರೆ, ಮೂವತ್ತೇಳು, ಮೂವತ್ತೆಂಟು. ಕೊನೆಯದು ಮೂವತ್ತೊಂಬತ್ತು. ಪಕ್ಕದಲ್ಲಿ ಆ ಕೋಳಿ ಕೆದಕಿದ ಅಕ್ಷರದಲ್ಲಿ ಷರಾ: 'ಕೇಳಿದರೆ ಮೂವತ್ತಾರು.'

ಪುಸ್ತಕ ಮುಚ್ಚಿ ಎಲ್ಲಿತ್ತೋ ಅಲ್ಲೇ ಇಟ್ಟೆ.

ಅವನು ಕಪಾಟು ಒರೆಸಿ ಮುಗಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಪ್ಯಾಂಟು ನಿಮ್ಮನ್ನು ಹಿಡಿದುಕೊಂಡಿದೆ, ಹೊಸದೊಂದು ಹೊಲಿಯುತ್ತೇನೆ, ನಿಂತುಕೊಳ್ಳಿ ಎಂದ. ಕನ್ನಡಿಯ ಮುಂದೆ ಕೈ ಅಗಲ ಮಾಡಿ ನಿಂತೆ. ಟೇಪು ಸೊಂಟ ಸುತ್ತಿ ಬಂತು. ಶೀಘ್ರಲಿಪಿಯವರು, ಬೇಕರಿಯವರು, ಇನ್ನೂ ಇಬ್ಬರು ಗಿರಾಕಿಗಳು ನೋಡುತ್ತಿದ್ದರು.

"ಎಷ್ಟಾಯ್ತೋ?" ಎಂದು ಕೇಳಿದೆ.

"ಮೂವತ್ತಾರು, ಭಾವ."

"ಸರಿ, ಬರ್ಕೋ," ಎಂದೆ.

ಅವನು ಆಚೆ ತಿರುಗಿ ಪುಸ್ತಕ ತೆರೆದ. ನಾನು ಹೊಟ್ಟೆ ಎಳೆದುಕೊಂಡು ಕನ್ನಡಿ ನೋಡಿಕೊಳ್ಳುತ್ತ ನಿಂತಿದ್ದೆ.